ಮುದ್ದೆ ಬಿಟ್ಟ ಅತ್ತೆ, ನಿದ್ದೆ ಬಿಟ್ಟ ಅಳಿಯ

ನಮ್ಮ ಮನೆಯಲ್ಲಿ ಯಾರಾದರೂ ಒಳ್ಳೆಯದಕ್ಕೆ ಅಂತ ಏನಾದರೂ ಶುರು ಮಾಡಿದರೆ ಸಾಕು, ಅದು ಬೀದಿಯವರೆಲ್ಲ ನಗುವ ಹಾಗೆ ಮುಗಿಯುತ್ತದೆ. ಇದು ಇವತ್ತು ನಿನ್ನೆಯ ಕಥೆಯಲ್ಲ. ಆದರೂ ನಮ್ಮ ಅತ್ತೆಯವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದು ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿದ್ದ ಆ ಕೆಲವು ತಿಂಗಳಲ್ಲಿ ನಡೆದಷ್ಟು ಬೇರೆ ಯಾವಾಗಲೂ ನಡೆದಿಲ್ಲ. ಈಗ ಅವರು ಊರಿಗೆ ಹೋಗಿದ್ದಾರೆ. ನಾವೆಲ್ಲ ಹೊತ್ತಿಗೆ ಸರಿಯಾಗಿ ಮಲಗಿ ಹೊತ್ತಿಗೆ ಸರಿಯಾಗಿ ಏಳುತ್ತೇವೆ. ಮನೆ ತಣ್ಣಗಿದೆ. ಸ್ವಲ್ಪ ಜಾಸ್ತಿಯೇ ತಣ್ಣಗಿದೆ ಅನ್ನಿಸಿದಾಗಲೆಲ್ಲ ಇವು ನೆನಪಾಗುತ್ತವೆ.

ಕಾರುಬಾರು

ಅತ್ತೆಯವರದು ಗುಬ್ಬಿ ಹತ್ತಿರದ ಹಳ್ಳಿ. ತೆಂಗಿನ ತೋಟವಿದೆ, ರಾಗಿ ಹೊಲವಿದೆ. ಅವರು ದೊಡ್ಡ ಮಗನ ಸಂಸಾರದ ಜೊತೆ ಇದ್ದಾರೆ ಅಂತ ಹೇಳುವುದು ವಾಡಿಕೆ. ನೋಡಿದವರಿಗೆ ಗೊತ್ತು, ದೊಡ್ಡ ಮಗನ ಸಂಸಾರ ಅವರ ಕೈಕೆಳಗಿದೆ.

ತುಮಕೂರಿನ ಕಣ್ಣಿನ ಡಾಕ್ಟರು ಪರೀಕ್ಷೆ ಮಾಡಿ, "ಪೊರೆ ಚೆನ್ನಾಗಿ ಬಲಿತಿದೆ, ತೆಗೆಯಲೇಬೇಕು. ಆದರೆ ಇಷ್ಟು ಶುಗರ್ ಇಟ್ಟುಕೊಂಡು ನಾನು ಕೈ ಹಾಕಲ್ಲ. ಮೊದಲು ಇಳಿಸಿಕೊಂಡು ಬನ್ನಿ" ಅಂದರು. ಶುಗರ್ ಡಾಕ್ಟರ ಹತ್ತಿರ ಹೋದೆವು. ಅವರು ಮಾತ್ರೆ ಬದಲಾಯಿಸಿ, ಊಟದಲ್ಲಿ ಕಾರ್ಬು ಕಡಿಮೆ ಮಾಡಿ ಅಂದರು. ಮುದ್ದೆ, ಅನ್ನ, ರೊಟ್ಟಿ ಕಡಿಮೆ. ಸೊಪ್ಪು, ತರಕಾರಿ, ಮೊಟ್ಟೆ, ಮಾಂಸ ತಿನ್ನಬಹುದು. ಪಕ್ಕದಲ್ಲಿ ಸುಮ್ಮನೆ ಕೂತಿದ್ದ ನನ್ನ ಹೊಟ್ಟೆಯ ಮೇಲೂ ಅವರ ಕಣ್ಣು ಬಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ನಾನೂ ಶುಗರಿನ ಗಡಿಯಲ್ಲಿ ನಿಂತಿದ್ದೆ. ನನ್ನ ಹೆಂಡತಿ ಪ್ರೈಮರಿ ಶಾಲೆ ಟೀಚರು. ಡಾಕ್ಟರು ಕಡಿಮೆ ಮಾಡಿ ಅಂದಿದ್ದನ್ನು ಅವಳು ನಿಲ್ಲಿಸಿ ಅಂತ ಅರ್ಥ ಮಾಡಿಕೊಂಡು, ಅವತ್ತು ಸಂಜೆಯೇ ರಾಗಿಹಿಟ್ಟಿನ ಡಬ್ಬ ಎತ್ತಿ ಅಟ್ಟದ ಮೇಲಿಟ್ಟಳು.

ಅತ್ತೆಯವರು ಊರಿಗೆ ಫೋನ್ ಮಾಡಿ ಮಗನಿಗೆ ಸುದ್ದಿ ಮುಟ್ಟಿಸಿದರು. "ನೋಡಪ್ಪ, ಡಾಕ್ಟ್ರು ನಂಗೆ ಇನ್ನು ಮೇಲೆ ಕಾರುಬಾರು ಕಡಿಮೆ ಮಾಡಬೇಕು ಅಂದವ್ರೆ."

ಆ ಕಡೆಯಿಂದ ಭಾವಮೈದ ನಿಧಾನವಾಗಿ ಹೇಳಿದ. "ಅವ್ವ, ಒಳ್ಳೆ ಡಾಕ್ಟ್ರಂಗೆ ಕಾಣ್ತಾರೆ. ಅವರನ್ನ ಬಿಡಬೇಡ."

ಫ್ರಿಜ್ಜಿನ ಮುಂದೆ

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮತ್ತೆ ಹಳೇ ಕಾಲದವರು. ಅಳಿಯನ ಎದುರಿಗೆ ಕೂರುವುದಿಲ್ಲ, ಮುಖ ಕೊಟ್ಟು ಮಾತಾಡುವುದಿಲ್ಲ. ನಾನು ಒಳಗೆ ಬಂದರೆ ಸೆರಗು ತಲೆ ಮೇಲೆ ಬರುತ್ತಿತ್ತು, ಅವರು ಅಡುಗೆಮನೆ ಬಾಗಿಲ ಹಿಂದಕ್ಕೆ ಸರಿಯುತ್ತಿದ್ದರು. ಏನು ಹೇಳಬೇಕಾದರೂ ಮಗಳ ಮೂಲಕವೇ. "ಅಳಿಯಂದಿರಿಗೆ ಇನ್ನೊಂಚೂರು ಸಾರು ಬೇಕಾ ಕೇಳು" ಅನ್ನುವರು. ನಾನು ಒಂದು ಮಾರು ದೂರದಲ್ಲೇ ಕೂತಿರುತ್ತಿದ್ದೆ. ಹೆಂಡತಿ ನನ್ನ ಕಡೆ ತಿರುಗಿ, "ಸಾರು ಬೇಕಾ?" ಅನ್ನುವಳು. "ಸಾಕು ಅಂತ ಹೇಳು" ಅನ್ನುತ್ತಿದ್ದೆ. ಮದುವೆಯಾದಾಗಿನಿಂದ ಹೀಗೇ ನಡೆದುಬಂದಿತ್ತು. ಯಾರಿಗೂ ತೊಂದರೆ ಇರಲಿಲ್ಲ.

ಡಯಟ್ಟು ಶುರುವಾದ ಮೇಲೆ ತೊಂದರೆಯಾಯಿತು. ಹಗಲೆಲ್ಲ ಹೇಗೋ ಕಳೆಯುತ್ತಿತ್ತು. ಹೆಂಡತಿ ಹೂಕೋಸು ತುರಿದು ಅದನ್ನೇ ಅನ್ನ ಅಂತ ನಮ್ಮಿಬ್ಬರಿಗೂ ಬಡಿಸುತ್ತಿದ್ದಳು, ತಿನ್ನುತ್ತಿದ್ದೆವು. ರಾತ್ರಿ ಮಲಗಿದರೆ ನಿದ್ದೆ ಮಾತ್ರ ಬರುತ್ತಿರಲಿಲ್ಲ. ಹೊಟ್ಟೆ ಹಸಿದಿಲ್ಲ, ತುಂಬಿಯೂ ಇಲ್ಲ. ಕಾಲು ಸೆಳೆತ, ಬಾಯಿ ಒಣಗುವುದು. ಕಣ್ಣು ಮುಚ್ಚಿದರೆ ಒಳಗೆ ಯಾರೋ ಲೈಟು ಹಾಕಿಟ್ಟ ಹಾಗೆ. ಪಕ್ಕದಲ್ಲಿ ನನ್ನ ಹೆಂಡತಿ ಎರಡು ಹೊತ್ತೂ ಅನ್ನ ಉಂಡು ಗೊರಕೆ ಹೊಡೆಯುತ್ತಿದ್ದಳು.

ಒಂದು ರಾತ್ರಿ ನೀರು ಕುಡಿಯಲು ಅಡುಗೆಮನೆಗೆ ಹೋದರೆ ಕತ್ತಲಲ್ಲಿ ಅತ್ತೆ ನಿಂತಿದ್ದಾರೆ. ಸೆರಗು ಎಳೆದುಕೊಂಡರು. ಬಾಗಿಲಲ್ಲಿ ನಾನಿದ್ದೇನೆ, ಅವರು ಆಚೆ ಹೋಗುವ ಹಾಗಿಲ್ಲ. ಮಾತಾಡಲು ಮಗಳೂ ಇಲ್ಲ. ಕೊನೆಗೆ ಅವರು ಫ್ರಿಜ್ಜಿನ ಕಡೆ ತಿರುಗಿ ಹೇಳಿದರು. "ಅಳಿಯಂದಿರಿಗೂ ನಿದ್ದೆ ಬರಲಿಲ್ವೇನೋ."

ನಾನೂ ಫ್ರಿಜ್ಜಿಗೇ ಹೇಳಿದೆ. "ಬರಲಿಲ್ಲ. ಅತ್ತೆಯವರಿಗೆ?"

"ನಂಗೆಲ್ಲಿ ಬತ್ತದೆ. ಮುದ್ದೆ ಹೋದ ದಿನವೇ ಹೋಯ್ತು."

ಹಾಗೆ ಶುರುವಾಯಿತು. ಆಮೇಲೆ ದಿನಾ ರಾತ್ರಿ ಅಲ್ಲಿ ನಿಂತು ಫ್ರಿಜ್ಜಿನ ಜೊತೆ ಮಾತಾಡುತ್ತಿದ್ದೆವು. ತೆಂಗಿನಕಾಯಿ ರೇಟು, ಊರಿನ ಜಗಳ, ಸೊಸೆ ಮಾಡುವ ಸಾರಿಗೆ ಹುಳಿ ಕಡಿಮೆ ಅನ್ನುವುದು, ಎಲ್ಲವನ್ನೂ ಫ್ರಿಜ್ಜು ಕೇಳಿಸಿಕೊಂಡಿತು. ಒಂದು ದಿನ ನನ್ನ ಹೆಂಡತಿ ಎಚ್ಚರವಾಗಿ ಬಂದಳು. ಗಂಡನೂ ತಾಯಿಯೂ ಫ್ರಿಜ್ಜಿನ ಮುಂದೆ ಕೈಕಟ್ಟಿ ನಿಂತಿದ್ದನ್ನು ನೋಡಿ ಗಾಬರಿಯಿಂದ, "ಫ್ರಿಜ್ಜಿಗೇನಾಯ್ತು?" ಅಂದಳು.

ಅತ್ತೆ ಸಮಾಧಾನವಾಗಿ, "ಅದಕ್ಕೇನಾಗೈತೆ, ಚೆನ್ನಾಗೇ ಕೇಳಿಸ್ಕೊಂತಾ ಐತೆ" ಅಂದರು.

ಸುಳ್ಳು ಹೇಳದ ಡಾಕ್ಟರು

ಹೆಂಡತಿ ಇಬ್ಬರನ್ನೂ ಮತ್ತೆ ಶುಗರ್ ಡಾಕ್ಟರ ಮುಂದೆ ಕೂರಿಸಿದಳು. ಅವರು ಒಳ್ಳೆಯ ಮನುಷ್ಯ, ನಗಾಡಲಿಲ್ಲ. "ಶುರುವಿನಲ್ಲಿ ಕೆಲವರಿಗೆ ಹೀಗಾಗುತ್ತೆ. ಇಷ್ಟು ವರ್ಷ ಮುದ್ದೆ ಉಂಡ ಮೈ, ಒಗ್ಗಿಕೊಳ್ಳೋಕೆ ಕೆಲವು ವಾರ ಬೇಕು. ನಾನು ಕಡಿಮೆ ಮಾಡಿ ಅಂದೆ, ನೀವು ಒಂದೇ ಸಲ ನಿಲ್ಲಿಸಿಬಿಟ್ಟಿದ್ದೀರಿ" ಅಂದರು. ನನ್ನ ಹೆಂಡತಿ ಗೋಡೆ ನೋಡಿದಳು. ನೀರು ಮಜ್ಜಿಗೆ ಹೆಚ್ಚು ಕುಡಿಯಿರಿ, ರಾತ್ರಿ ಒಂದಿಷ್ಟು ಕಾಳು ಬೇಳೆ ಸೇರಿಸಿ, ಸಂಜೆ ಮೇಲೆ ಕಾಫಿ ಬೇಡ ಅಂತ ಹೇಳಿ ಮಾತ್ರೆಯನ್ನೂ ಇನ್ನೊಮ್ಮೆ ನೋಡಿ ಸರಿ ಮಾಡಿದರು.

ಆಮೇಲೆ ಅತ್ತೆಯವರನ್ನು ಕೇಳಿದರು. "ಅಮ್ಮ, ಮಲಗಿದಾಗ ಮನಸ್ಸಿನಲ್ಲಿ ಏನಾದರೂ ಯೋಚನೆ ಬರುತ್ತಾ?"

"ಬತ್ತದೆ ಸ್ವಾಮಿ."

"ಏನು?"

"ಮುದ್ದೆ."

ಡಾಕ್ಟರು ಪೆನ್ನು ಕೆಳಗಿಟ್ಟರು. ಅತ್ತೆ ಬಿಡಲಿಲ್ಲ. "ತಾವು ರಾತ್ರಿ ಏನು ಉಣ್ತೀರಿ?"

"ನಮ್ಮ ಮನೇಲೂ ಮುದ್ದೆನೇ ಅಮ್ಮ."

"ನಿದ್ದೆ?"

"ಚೆನ್ನಾಗಿ ಬರುತ್ತೆ."

ಅತ್ತೆ ಮಗಳ ಕಡೆ ತಿರುಗಿದರು. "ನೀನೇ ಕೇಳಿಸ್ಕೊಂಡಲ್ಲ ಮಗಾ. ಓದಿದೋರು ಸುಳ್ಳು ಹೇಳಲ್ಲ."

ಎರಡು ಶಿಫ್ಟು

ನಾನು ವಸಂತನರಸಾಪುರದ ಒಂದು ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಸೂಪರ್‌ವೈಸರ್. ಕಾರ್ಬು ಬಿಟ್ಟವನಿಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಓವನ್ ಕಡೆಯಿಂದ ಬಿಸಿ ಬಿಸ್ಕತ್ತಿನ ವಾಸನೆ ಬರುತ್ತಿದ್ದರೆ ನಾನು ಜೇಬಿನಲ್ಲಿದ್ದ ಕೊಬ್ಬರಿ ಚೂರು ಅಗಿಯುತ್ತಾ ನಿಲ್ಲುತ್ತಿದ್ದೆ.

ರಾತ್ರಿ ಬಾರದ ನಿದ್ದೆ ಸಂಜೆ ಫ್ಯಾಕ್ಟರಿ ಬಸ್ಸು ಹತ್ತಿದ ಕೂಡಲೇ ಬರುತ್ತಿತ್ತು. ಒಂದು ದಿನ ಹಿಂದಿನ ಸೀಟಿನಲ್ಲಿ ಮೂಲೆಗೆ ಒರಗಿದವನು ಶೆಟ್ಟಿಹಳ್ಳಿ ಬಂದಿದ್ದೂ ತಿಳಿಯದೆ ಮಲಗಿಬಿಟ್ಟೆ. ಬಸ್ಸು ಕ್ಯಾತ್ಸಂದ್ರದವರೆಗೆ ಹೋಗಿ ಖಾಲಿಯಾಯಿತು. ಡ್ರೈವರ್ ನನ್ನನ್ನು ನೋಡಲಿಲ್ಲ, ಟೀ ಕುಡಿದು ಬಂದು ಮುಂದಿನ ಶಿಫ್ಟಿನವರನ್ನು ಹತ್ತಿಸಿಕೊಂಡು ವಾಪಸು ಹೊರಟ. ಹತ್ತಿದವರು, ಸೂಪರ್‌ವೈಸರ್ ಮಲಗಿದ್ದಾರೆ, ಎಬ್ಬಿಸುವುದು ಬೇಡ ಅಂತ ಮರ್ಯಾದೆಯಿಂದ ಸುಮ್ಮನಿದ್ದರು. ಕಣ್ಣು ಬಿಟ್ಟಾಗ ಮತ್ತೆ ಅದೇ ಫ್ಯಾಕ್ಟರಿ ಗೇಟು, ಅದೇ ಬಿಸ್ಕತ್ತಿನ ವಾಸನೆ. ಇಳಿದರೆ ಮ್ಯಾನೇಜರು ಎದುರಿಗೇ ಸಿಕ್ಕಿದರು. "ಏನ್ರಿ, ಈ ಶಿಫ್ಟಿಗೂ ಬಂದ್ರಾ? ನಿಮ್ಮಂಥೋರು ನಾಲ್ಕು ಜನ ಇದ್ದಿದ್ರೆ ನಂಗೆ ತಲೆನೋವೇ ಇರ್ತಿರಲಿಲ್ಲ" ಅಂದರು. ಅಷ್ಟು ಹೇಳಿದ ಮೇಲೆ ನಿಜ ಹೇಳಲು ಮನಸ್ಸು ಬರಲಿಲ್ಲ. ಆ ಶಿಫ್ಟೂ ಮುಗಿಸಿಯೇ ಮನೆಗೆ ಬಂದೆ.

ಬೆಳಿಗ್ಗೆ ಹೆಂಡತಿಗೆ ಇದನ್ನೆಲ್ಲ ಹೇಳುತ್ತಿದ್ದಾಗ ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು. "ಬಸ್ಸಲ್ಲಿ ನಿದ್ದೆ ಅಷ್ಟು ಚೆನ್ನಾಗಿ ಬತ್ತದೆ ಅಂದ್ರೆ ನನ್ನೂ ಒಂದಿನ ಕರ್ಕೊಂಡು ಹೋಗಕ್ಕೆ ಹೇಳು."

ಕುಣಿಗಲ್ ಬಸ್ಸು

ಕರೆದುಕೊಂಡು ಹೋಗುವ ದಿನವೂ ಬಂತು. ನನ್ನ ಊರು ಕುಣಿಗಲ್. ಅಲ್ಲಿ ದೊಡ್ಡಪ್ಪನ ಮಗನ ಮದುವೆಯಾಗಿ ಬೀಗರ ಊಟ ಇಟ್ಟುಕೊಂಡಿದ್ದರು. ತುಮಕೂರಿನಲ್ಲಿ ಬಸ್ಸು ಹತ್ತಿದೆವು. ಮೂವರ ಸೀಟು. ಕಿಟಕಿ ಪಕ್ಕ ಅತ್ತೆ, ಈ ಕಡೆ ನಾನು, ನಡುವೆ ಕಾಂಪೌಂಡ್ ಗೋಡೆಯ ಹಾಗೆ ನನ್ನ ಹೆಂಡತಿ.

ಗೂಳೂರು ದಾಟುವ ಮುಂಚೆಯೇ ಅತ್ತೆಗೆ ನಿದ್ದೆ ಹತ್ತಿತು. ಎಷ್ಟೋ ದಿನದ ಮೇಲೆ ಬಂದ ನಿದ್ದೆ, ಬಾಯಿ ಸ್ವಲ್ಪ ತೆರೆದಿತ್ತು. ಅಷ್ಟರಲ್ಲಿ ನನ್ನ ಹೆಂಡತಿಗೆ ಮುಂದಿನ ಸೀಟಿನಲ್ಲಿ ಅವಳ ಶಾಲೆಯ ಇನ್ನೊಬ್ಬ ಟೀಚರು ಕಂಡರು. "ಈಗ ಬಂದೆ" ಅಂತ ಎದ್ದು ಹೋದವಳು ಅಲ್ಲೇ ಕೂತುಬಿಟ್ಟಳು. ಬಸ್ಸು ಒಂದು ಹಳ್ಳಕ್ಕೆ ಇಳಿದು ಹತ್ತಿತು. ಅತ್ತೆ ಈ ಕಡೆಗೆ ವಾಲಿದರು. ಬಿದ್ದೇಬಿಡುತ್ತಾರೆ ಅಂತ ನಾನು ಹತ್ತಿರ ಸರಿದೆ. ತಲೆ ಬಂದು ನನ್ನ ಭುಜದ ಮೇಲೆ ಕೂತಿತು.

ಹೆಬ್ಬೂರು ಬಂತು, ಹೋಯಿತು. ನಾನು ಅಲ್ಲಾಡಲಿಲ್ಲ. ನೊಣ ಬಂದು ಮೂಗಿನ ಮೇಲೆ ಕೂತರೂ ಓಡಿಸಲಿಲ್ಲ. ನಮ್ಮ ತಾಯಿ ನಾನು ಓದುವಾಗಲೇ ಹೋದರು, ಆಮೇಲೆ ದೊಡ್ಡವರು ಯಾರೂ ನನ್ನ ಹೆಗಲ ಮೇಲೆ ಹೀಗೆ ನಂಬಿ ಮಲಗಿರಲಿಲ್ಲ. ತೋಳು ಜೋಮು ಹಿಡಿದು ನನ್ನದೇ ಅಲ್ಲ ಅನ್ನಿಸಿತು. ಮುಂದಿನ ಸೀಟಿನಿಂದ ಹೆಂಡತಿ ತಿರುಗಿ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ವಿಶಲ್ ಹಾಕಿದಾಗ ಅತ್ತೆ ಎದ್ದರು. ಯಾರ ಭುಜ ಅಂತ ಅವರಿಗೆ ತಿಳಿಯಿತು. ನನಗೂ ತಿಳಿಯಿತು, ಅವರಿಗೆ ತಿಳಿದಿದೆ ಅಂತ. ಅವರು ಸೆರಗು ಸರಿ ಮಾಡಿಕೊಂಡು ಇಳಿದು, ಮಗಳಿಗೆ ನಿಧಾನವಾಗಿ ಹೇಳಿದರು. "ಈ ಬಸ್ಸಲ್ಲಿ ಕಂಬಿ ಬಾಳ ಮೆತ್ತಗವೆ ಕಣಮ್ಮಿ."

ಆ ಸಾಲಿನವರಿಗೆಲ್ಲ

ಬೀಗರ ಊಟದಲ್ಲಿ ಬಡಿಸುವವರು ಮೊದಲು ಮುದ್ದೆ ಹಿಡಿದು ಬಂದರು. ನಾನು ಬೇಡ ಅಂದೆ. ಹೆಂಗಸರ ಸಾಲು ನಮ್ಮ ಎದುರಿಗೇ ಇತ್ತು. ಅಲ್ಲಿ ಅತ್ತೆಯೂ ಸೆರಗಿನ ಮರೆಯಲ್ಲೇ ಎಲೆಗೆ ಕೈ ಅಡ್ಡ ಹಿಡಿದರು. ಬಡಿಸುವವನು ನಿಂತುಬಿಟ್ಟ. ಸುದ್ದಿ ದೊಡ್ಡಪ್ಪನಿಗೆ ಮುಟ್ಟಿತು. ಟವೆಲ್ಲು ಕೊಡವುತ್ತಾ ಬಂದ ಅವರ ಮುಖ ಸಪ್ಪಗಿತ್ತು.

"ಏನ್ಲಾ, ಅತ್ತೆ ಅಳಿಯ ಇಬ್ಬರೂ ಮುದ್ದೆ ಮುಟ್ಟಲ್ಲ ಅಂದ್ರೆ ಏನ್ಸಮಾಚಾರ? ನಮ್ಮ ಕಡೇರು ಯಾರಾದ್ರೂ ಏನಾದ್ರೂ ಅಂದ್ರಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಎದುರು ಸಾಲಿನಿಂದಲೇ ಹೇಳಿದರು. "ಯಾರೂ ಏನೂ ಅಂದಿಲ್ಲ ಅಣ್ಣ. ಸಕ್ಕರೆ ಕಾಯಿಲೆ. ಅದು ಇಳಿದ್ರೆ ಕಣ್ಣು ಕೊಡ್ತೀನಿ ಅಂದವ್ರೆ ಡಾಕ್ಟ್ರು. ಮುದ್ದೆ ತಿನ್ನಂಗಿಲ್ಲ, ಅನ್ನ ತಿನ್ನಂಗಿಲ್ಲ. ಪೀಸು ಮಾತ್ರ ತಿನ್ಬೋದು."

ದೊಡ್ಡಪ್ಪನ ಮುಖ ಅರಳಿತು. "ಅಷ್ಟೇ ತಾನೆ. ಇಲ್ಲಿ ತತ್ತಾರ್ಲಾ ಬಕೀಟ" ಅಂದರು. ತಾವೇ ಸೌಟು ಹಿಡಿದು, ಅತ್ತೆಯ ಎಲೆಗೆ ಎರಡು ಸೌಟು, ನನ್ನ ಎಲೆಗೆ ಎರಡು ಸೌಟು, ಸಾರು ಬಸಿದು ಬರೀ ಮಾಂಸ ಹಾಕಿದರು.

ನನ್ನ ಪಕ್ಕ ಕೂತಿದ್ದವರು ಇದನ್ನು ಗಮನವಿಟ್ಟು ನೋಡಿದರು. ಆಮೇಲೆ ತಮ್ಮ ಎಲೆಯ ಮುದ್ದೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, "ಅಣ್ಣ, ನಂಗೂ ಒಂಚೂರು ಶುಗರ್ ಐತೆ" ಅಂದರು. ಅವರ ಆಚೆಯವರಿಗೂ ಇತ್ತು. ಬಕೀಟು ಆ ತುದಿ ಮುಟ್ಟುವಷ್ಟರಲ್ಲಿ ಆ ಸಾಲಿನವರಿಗೆಲ್ಲ ಸಕ್ಕರೆ ಕಾಯಿಲೆ ಬಂದಿತ್ತು.

ಹಾಳಾದ ನಿದ್ದೆ

ಫ್ರಿಜ್ಜಿನ ಮುಂದೆ ನಿಂತು ನಿಂತು ಕಾಲು ನೋಯುತ್ತದೆ ಅಂತ ಅತ್ತೆ ಒಂದು ದಿನ ಹಾಲ್‌ನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದರು. ಹುಣಸೆ ಬೀಜ ಉಜ್ಜಿ ತಂದಿಟ್ಟರು. ಅವರು ಗೋಡೆ ಕಡೆ ಮುಖ ಮಾಡಿ, ನಾನು ಟೀವಿ ಕಡೆ ಮುಖ ಮಾಡಿ ಆಡಲು ಕೂತೆವು. ಕಣ್ಣು ಮಂಜು ಅಂತ ಆಪರೇಶನ್‌ಗೆ ಬಂದವರು. ಆದರೆ ನನಗೆ ನಾಲ್ಕು ಬಿದ್ದರೆ ಅವರಿಗೆ ಮೂರೇ ಕಾಣುತ್ತಿತ್ತು, ಅವರಿಗೆ ಮೂರು ಬಿದ್ದರೆ ನಾಲ್ಕು ಕಾಣುತ್ತಿತ್ತು. ನಾನು ತಕರಾರು ತೆಗೆದರೆ ಬೀಜಗಳನ್ನೇ ಕೇಳುವರು. "ನಾಲ್ಕು ಬಿದ್ದಿದ್ರೆ ನಾಲ್ಕು ಅನ್ರಪ್ಪ, ಅವರಿಗೆ ಕಾಣಿಸ್ತಿಲ್ವಂತೆ."

ಆಡುತ್ತಾ ಆಡುತ್ತಾ ಕಥೆ ಹೇಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾದಿನಿಯ ಜೊತೆ ಮನೆಯಲ್ಲಿ ಹೇಳದೆ ಗುಬ್ಬಿಗೆ ನಾಟಕ ನೋಡಲು ಹೋಗಿದ್ದರಂತೆ. ಅಲ್ಲಿ ಕೂತು ನೋಡಿದರೆ ಮುಂದಿನ ಸಾಲಿನಲ್ಲಿ ಅವರ ಮಾವ. ಅವತ್ತು ಕೋರ್ಟು ಕೆಲಸಕ್ಕೆ ತುಮಕೂರಿಗೆ ಅಂತ ಮನೆಯಲ್ಲಿ ಹೇಳಿ ಹೋದವರು. ಅವರೂ ತಿರುಗಿ ನೋಡಿದರು, ಇವರೂ ನೋಡಿದರು. ಮನೆಯಲ್ಲಿ ಇಬ್ಬರೂ ಬಾಯಿ ಬಿಡಲಿಲ್ಲ. "ಅವತ್ತಿಂದ ಮಾವನೋರು ನನ್ನ ಮುಂದೆ ದನಿ ಏರಿಸಲಿಲ್ಲ" ಅಂತ ಗೋಡೆಗೆ ಹೇಳಿ ನಕ್ಕರು. ಈ ಕಥೆ ಅವರ ಮಗಳಿಗೂ ಗೊತ್ತಿರಲಿಲ್ಲ.

ಡಾಕ್ಟರು ಹೇಳಿದ ಹಾಗೆಯೇ ಕೆಲವು ವಾರಕ್ಕೆ ಮೈ ಒಗ್ಗಿತು. ರಾತ್ರಿಯ ಊಟಕ್ಕೆ ಹುರುಳಿಕಾಳು, ಹೆಸರುಕಾಳು ಬಂದವು. ಕಾಲು ಸೆಳೆತ ನಿಂತಿತು. ಒಂದು ರಾತ್ರಿ ಅಭ್ಯಾಸದಂತೆ ನಾನು ಎದ್ದು ಹಾಲ್‌ಗೆ ಬಂದೆ. ಅತ್ತೆ ಇರಲಿಲ್ಲ. ಕೋಣೆಯಿಂದ ಅವರ ಗೊರಕೆ ಕೇಳುತ್ತಿತ್ತು. ನೆಲದ ಮೇಲೆ ನಿಲ್ಲಿಸಿದ್ದ ಆಟದಲ್ಲಿ ನನ್ನ ಒಂದು ಕಾಯಿ ನಡುವಿನ ಮನೆ ಸೇರಿ ಹಣ್ಣಾಗಲು ಒಂದೇ ಮನೆ ಬಾಕಿ ಇತ್ತು. ಸ್ವಲ್ಪ ಹೊತ್ತು ಅಲ್ಲೇ ಕೂತೆ. ಆಮೇಲೆ ನನಗೂ ಕಣ್ಣು ಎಳೆಯಿತು.

ಬೆಳಿಗ್ಗೆ ಅತ್ತೆ ಮಗಳಿಗೆ ಹೇಳುತ್ತಿದ್ದರು. "ಅಳಿಯಂದಿರು ರಾತ್ರಿ ಎದ್ದಿದ್ರಾ ಕೇಳು. ನಾನು ಏಳಬೇಕು ಅಂತಲೇ ಇದ್ದೆ. ಹಾಳಾದ ನಿದ್ದೆ, ಬಂದುಬಿಡ್ತು."

ಕಟ್ಟು ಬಿಚ್ಚಿದ ದಿನ

ಶುಗರ್ ಇಳಿಯಿತು. ಕಣ್ಣಿನ ಡಾಕ್ಟರು ದಿನ ಗೊತ್ತು ಮಾಡಿದರು. ಅತ್ತೆಗೆ ಒಳಗೊಳಗೇ ಭಯವಿತ್ತು. ಅವರ ಊರಿನಲ್ಲಿ ಯಾರಿಗೋ ಆಪರೇಶನ್ ಆದ ಮೇಲೂ ಕಣ್ಣು ಬಂದಿರಲಿಲ್ಲವಂತೆ. ಹಿಂದಿನ ದಿನ ಅವರು ಮನೆಯ ಗೋಡೆಗಳನ್ನೆಲ್ಲ ಮುಟ್ಟಿ ಮುಟ್ಟಿ ನಡೆದದ್ದನ್ನು ನಾನು ನೋಡಿದ್ದೆ.

ಆಪರೇಶನ್ ಆಯಿತು. ಮಾರನೆಯ ದಿನ ಕಟ್ಟು ಬಿಚ್ಚುವ ಹೊತ್ತಿಗೆ ಹೆಂಡತಿ ಕಣ್ಣಿಗೆ ಹಾಕುವ ಡ್ರಾಪ್ಸ್ ತರಲು ಕೆಳಗಿನ ಮೆಡಿಕಲ್ ಶಾಪಿಗೆ ಹೋಗಿದ್ದಳು. ಕೋಣೆಯಲ್ಲಿ ನಾನೊಬ್ಬನೇ. ಕಟ್ಟು ಬಿಚ್ಚಲು ಬಂದ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನನ್ನನ್ನು ಎದುರಿಗೆ ನಿಲ್ಲಿಸಿ, ಮಾತಾಡಬೇಡಿ ಅಂತ ಸನ್ನೆ ಮಾಡಿ, ಹತ್ತಿ ತೆಗೆದರು.

"ಅಮ್ಮ, ನಿಧಾನವಾಗಿ ಕಣ್ಣು ಬಿಡಿ. ಎದುರಿಗೆ ಯಾರಿದ್ದಾರೆ ಹೇಳಿ."

ಅತ್ತೆ ಕಣ್ಣು ಬಿಟ್ಟರು. ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು. "ಗೊತ್ತಾಗ್ತಿಲ್ಲ ತಾಯಿ."

ಡಾಕ್ಟರಮ್ಮನ ಮುಖ ಬದಲಾಯಿತು. "ಸರಿಯಾಗಿ ನೋಡಿ. ನಿಮ್ಮ ಮನೆಯವರೇ."

"ಇಲ್ಲ ತಾಯಿ. ಇವರನ್ನ ನಾನು ಕಂಡೇ ಇಲ್ಲ."

ಡಾಕ್ಟರಮ್ಮ ಟಾರ್ಚು ಬಿಟ್ಟು ನೋಡಿದರು. ಬೆರಳು ತೋರಿಸಿದರು, ಅತ್ತೆ ಸರಿಯಾಗಿ ಎಣಿಸಿದರು. ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಸಣ್ಣ ಅಕ್ಷರದಲ್ಲಿದ್ದ ಸಂಕಷ್ಟಿಯನ್ನು ಓದಿದರು. ಆಮೇಲೆ ಕಿಟಕಿಯಾಚೆ ನೋಡಿ, "ಆ ತೆಂಗಿನ ಕಾಯಿಗೆ ನುಸಿ ಹತ್ತೈತೆ, ಯಾರದೋ ಏನೋ, ಹೇಳಿ ಅವರಿಗೆ" ಅಂದರು.

ಡಾಕ್ಟರಮ್ಮನಿಗೆ ತಲೆ ಬುಡ ತಿಳಿಯಲಿಲ್ಲ. "ಅಷ್ಟು ದೂರದ ಕಾಯಿ ಕಾಣುತ್ತೆ. ನಿಮ್ಮ ಅಳಿಯ ಕಾಣಲ್ವಾ?"

"ಅಳಿಯಂದಿರಾ? ಇವರಲ್ಲ ಬುಡಿ. ನಮ್ಮ ಅಳಿಯಂದಿರು ಸಣ್ಣಕೆ, ಕಡ್ಡಿ ಇದ್ದಂಗವ್ರೆ. ತಲೆ ತುಂಬ ಕೂದಲು."

"ಅವರನ್ನ ಯಾವಾಗ ನೋಡಿದ್ದು ನೀವು?"

"ಧಾರೆ ಎರೆಯೋವಾಗ ನೋಡಿದ್ದೆ."

ಆ ಹೊತ್ತಿಗೆ ಬಾಗಿಲಿಗೆ ಬಂದ ನನ್ನ ಹೆಂಡತಿ ಅದನ್ನು ಕೇಳಿ ಡ್ರಾಪ್ಸ್ ಹಿಡಿದುಕೊಂಡೇ ಗೋಡೆಗೆ ಒರಗಿ ನಗತೊಡಗಿದಳು. ನಾನು ಮೆಲ್ಲಗೆ, "ಅತ್ತೆ, ನಾನೇ" ಅಂದೆ.

ದನಿ ಗುರುತು ಸಿಕ್ಕಿತು. ಅತ್ತೆಯ ಕೈ ಸೆರಗಿಗೆ ಹೋಯಿತು. "ಕಣ್ಣಿಗೆ ಬಟ್ಟೆ ತಾಗಿಸಬೇಡಿ, ತಲೆ ಬಗ್ಗಿಸಬೇಡಿ" ಅಂತ ಡಾಕ್ಟರಮ್ಮ ಆ ಕೈಯನ್ನು ಹಿಡಿದುಕೊಂಡರು. ಅತ್ತೆಗೆ ಬೇರೆ ದಾರಿ ಇರಲಿಲ್ಲ. ನನ್ನ ಬೋಳು ನೆತ್ತಿಯಿಂದ ಹಿಡಿದು ಕಣ್ಣಿನ ಕೆಳಗಿನ ಕಪ್ಪು, ಗಲ್ಲ, ಹೊಟ್ಟೆಯವರೆಗೆ ಒಂದೂ ಬಿಡದೆ ನೋಡಿದರು. ಆಮೇಲೆ, ಮದುವೆಯಾದಾಗಿನಿಂದ ಮೊದಲ ಸಲ, ನನ್ನನ್ನೇ ನೇರವಾಗಿ ಕೇಳಿದರು.

"ನಿದ್ದೆಗೆಟ್ಟು ಹಿಂಗಾದ್ರಾ ಅಳಿಯಂದಿರೇ, ಇಲ್ಲ ನಮ್ಮ ಹುಡುಗಿ ಇಷ್ಟು ವರ್ಷ ಇದನ್ನೇ ನೋಡ್ಕೊಂಡು ಸುಮ್ಕಿದ್ಲಾ?"